ಹಾಲು ಚೆಲ್ಲಿದ್ದು ಕೈ ತಪ್ಪೋ, ಕಟ್ಟೆ ತಪ್ಪೋ? ಕ್ಯಾಮೆರಾ ಇಟ್ಟು ಉತ್ತರ ಹುಡುಕಿದ ಲಿಲಿಯನ್ ಗಿಲ್‌ಬ್ರೆತ್

ಅಡುಗೆಮನೆಯಲ್ಲಿ ಹಾಲು ಉಕ್ಕಿತು. ಪಾತ್ರೆ ಕೈಜಾರಿ ಬಿತ್ತು. ಕಟ್ಟೆಯ ಮುಂದೆ ಅರ್ಧ ಗಂಟೆ ನಿಂತವರಿಗೆ ಸೊಂಟ ಹಿಡಿದುಕೊಂಡಿತು. ಇಂಥ ಹೊತ್ತಿನಲ್ಲಿ ನಾವು ದೂರುವುದು ಯಾರನ್ನು? ಕೆಲಸ ಮಾಡುತ್ತಿದ್ದವರನ್ನೇ. ಗಮನ ಎಲ್ಲಿತ್ತು, ಕೈ ಚುರುಕಿಲ್ಲ, ವಯಸ್ಸಾಯಿತು ಎಂದು ಏನಾದರೊಂದು ಹೇಳಿಬಿಡುತ್ತೇವೆ. ಕಟ್ಟೆಯ ಎತ್ತರವನ್ನಾಗಲಿ, ಒಲೆಗೂ ಸಿಂಕಿಗೂ ನಡುವಿನ ದೂರವನ್ನಾಗಲಿ, ಕೈಗೆ ಎಟುಕದ ಕಪಾಟನ್ನಾಗಲಿ ಯಾರೂ ಬೈಯುವುದಿಲ್ಲ.

ತಪ್ಪು ಮನುಷ್ಯರದ್ದೇ ಎಂಬ ಈ ನಂಬಿಕೆ ಬಹಳ ಹಳೆಯದು. ಅದು ಎಷ್ಟು ಸರಿ ಎಂದು ಪರೀಕ್ಷಿಸಲು ಒಂದು ದಾರಿಯಿದೆ. ಜನ ಕೆಲಸ ಮಾಡುವುದನ್ನು ಚಿತ್ರೀಕರಿಸಿ, ಆಮೇಲೆ ಅದನ್ನು ನಿಧಾನವಾಗಿ, ಮತ್ತೆ ಮತ್ತೆ ನೋಡುವುದು. ಇಂದು ಮೊಬೈಲ್ ಆ್ಯಪ್‌ನಿಂದ ಹಿಡಿದು ಆಸ್ಪತ್ರೆಯ ಯಂತ್ರಗಳವರೆಗೆ ಅನೇಕ ವಸ್ತುಗಳನ್ನು ವಿನ್ಯಾಸ ಮಾಡುವವರು ಹೀಗೆಯೇ ವಿಡಿಯೊ ಮಾಡಿಕೊಂಡು ಕಲಿಯುತ್ತಾರೆ. ಈ ವಿಧಾನ ವಿಡಿಯೊಗಿಂತ ಹಳೆಯದು. ಅದರ ಬೇರು ಹುಡುಕುತ್ತಾ ಹೋದರೆ ಸುಮಾರು ನೂರಹತ್ತು ವರ್ಷಗಳ ಹಿಂದಿನ ಒಂದು ಕುಟುಂಬ ಸಿಗುತ್ತದೆ. ಆ ಕುಟುಂಬದ ತಾಯಿ ಲಿಲಿಯನ್ ಗಿಲ್‌ಬ್ರೆತ್. ಮನಶ್ಶಾಸ್ತ್ರಜ್ಞೆ, ಎಂಜಿನಿಯರ್, ಹನ್ನೆರಡು ಮಕ್ಕಳನ್ನು ಹೆತ್ತವರು. ಕ್ಯಾಮೆರಾ ಏನನ್ನು ತೋರಿಸುತ್ತದೆ ಎಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. ಅದು ಏನನ್ನು ತೋರಿಸುವುದಿಲ್ಲ ಎಂಬುದನ್ನೂ ಬಲ್ಲವರಾಗಿದ್ದರು.

ಕುದುರೆಯ ಕಾಲುಗಳು ಮತ್ತು ಒಬ್ಬ ನಾಚಿಕೆಯ ಹುಡುಗಿ

ಲಿಲಿಯನ್ ಹುಟ್ಟಿದ್ದು 1878ರ ಮೇ 24ರಂದು, ಅಮೆರಿಕದ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ. ಮುಂದಿನ ತಿಂಗಳೇ, ಅಲ್ಲಿಂದ ಹೆಚ್ಚು ದೂರವಿಲ್ಲದ ಪಾಲೊ ಆಲ್ಟೊದ ಕುದುರೆ ಫಾರ್ಮೊಂದರಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ ಸಾಲಾಗಿ ಕ್ಯಾಮೆರಾಗಳನ್ನು ಇಟ್ಟು, ಓಡುವ ಕುದುರೆಯ ಚಿತ್ರಗಳನ್ನು ತೆಗೆದರು. ಓಡುವಾಗ ಕುದುರೆಯ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುತ್ತವೆಯೇ ಎಂಬುದು ಆಗ ಜನ ವಾದ ಮಾಡುತ್ತಿದ್ದ ವಿಷಯ. ಬಿಡುತ್ತವೆ ಎಂದು ಚಿತ್ರಗಳು ತೋರಿಸಿದವು. ಆದರೆ ವರ್ಣಚಿತ್ರಕಾರರು ಬರೆಯುತ್ತಿದ್ದಂತೆ ಕಾಲುಗಳು ಮುಂದಕ್ಕೂ ಹಿಂದಕ್ಕೂ ಚಾಚಿಕೊಂಡಾಗ ಅಲ್ಲ, ಹೊಟ್ಟೆಯ ಕೆಳಗೆ ಮಡಚಿಕೊಂಡಾಗ. ಸಾವಿರಾರು ವರ್ಷ ಕಣ್ಣೆದುರೇ ನಡೆದದ್ದನ್ನು ಮನುಷ್ಯರ ಕಣ್ಣು ಸರಿಯಾಗಿ ಕಂಡಿರಲಿಲ್ಲ. ಲಿಲಿಯನ್ ಅವರ ಮುಂದಿನ ಬದುಕಿಗೆ ಇದೊಂದು ಮುನ್ನುಡಿಯಂತಿದೆ.

ಮನೆ ಶ್ರೀಮಂತರದ್ದು, ಜರ್ಮನ್ ಮೂಲದ್ದು. ಒಂಬತ್ತು ಮಕ್ಕಳಲ್ಲಿ ಲಿಲಿಯನ್ ಹಿರಿಯಳು. ತಾಯಿಯ ಆರೋಗ್ಯ ಚೆನ್ನಾಗಿರಲಿಲ್ಲವಾದ್ದರಿಂದ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಕೆಲಸ ಬೇಗನೆ ಹೆಗಲೇರಿತು. ಆಕೆಗೆ ತುಂಬಾ ನಾಚಿಕೆ. ಒಂಬತ್ತು ವರ್ಷದವರೆಗೆ ಮನೆಯಲ್ಲೇ ಪಾಠ ಹೇಳಿಸಿದರು. ಹೆಣ್ಣುಮಕ್ಕಳಿಗೆ ಕಾಲೇಜು ಯಾಕೆ ಎಂದು ತಂದೆ ಮೊದಲು ಒಪ್ಪಲಿಲ್ಲ. ಕೊನೆಗೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಮನೆಯಿಂದಲೇ ಹೋಗಿಬರಬಹುದು ಎಂದಾಯಿತು. 1900ರಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಪದವಿ ಪಡೆದಾಗ, ಆ ವಿಶ್ವವಿದ್ಯಾಲಯದ ಪದವಿ ಸಮಾರಂಭದಲ್ಲಿ ಭಾಷಣ ಮಾಡಿದ ಮೊದಲ ಮಹಿಳೆ ಎನಿಸಿಕೊಂಡದ್ದು ಅದೇ ನಾಚಿಕೆಯ ಹುಡುಗಿ. 1902ರಲ್ಲಿ ಸ್ನಾತಕೋತ್ತರ ಪದವಿಯೂ ಆಯಿತು. ಅದೂ ಸಾಹಿತ್ಯದಲ್ಲೇ. ಎಂಜಿನಿಯರಿಂಗ್ ಇನ್ನೂ ಹತ್ತಿರ ಸುಳಿದಿರಲಿಲ್ಲ.

ಇಟ್ಟಿಗೆ ಕಟ್ಟುವವರ ಲೆಕ್ಕ

1903ರಲ್ಲಿ ಯುರೋಪ್ ಪ್ರವಾಸಕ್ಕೆ ಹೊರಟಿದ್ದ ಲಿಲಿಯನ್ ಬಾಸ್ಟನ್ನಿನಲ್ಲಿ ಫ್ರಾಂಕ್ ಗಿಲ್‌ಬ್ರೆತ್ ಅವರನ್ನು ಭೇಟಿಯಾದರು. ಫ್ರಾಂಕ್ ಕಾಲೇಜಿಗೆ ಹೋದವರಲ್ಲ. ಹದಿನೇಳನೆಯ ವಯಸ್ಸಿಗೆ ಇಟ್ಟಿಗೆ ಕೆಲಸ ಕಲಿಯಲು ಸೇರಿ, ಮೇಸ್ತ್ರಿಯಾಗಿ, ಕಟ್ಟಡಗಳ ಗುತ್ತಿಗೆದಾರರಾಗಿ ಬೆಳೆದವರು. ಕೆಲಸ ಕಲಿಯುವಾಗಲೇ ಅವರಿಗೊಂದು ವಿಚಿತ್ರ ಕಂಡಿತ್ತು. ಕಲಿಸುವ ಗಾರೆಯವರು ಒಬ್ಬೊಬ್ಬರೂ ಒಂದೊಂದು ರೀತಿ ಇಟ್ಟಿಗೆ ಇಡುತ್ತಿದ್ದರು. ಅಷ್ಟೇ ಅಲ್ಲ, ನಿಧಾನವಾಗಿ ಕೆಲಸ ಮಾಡುವಾಗ ಒಂದು ರೀತಿ, ಅವಸರದಲ್ಲಿದ್ದಾಗ ಇನ್ನೊಂದು ರೀತಿ.

ಇವುಗಳಲ್ಲಿ ಯಾವುದು ಸರಿ ಎಂದು ಯೋಚಿಸುತ್ತಾ ಫ್ರಾಂಕ್ ಪ್ರತಿ ಚಲನೆಯನ್ನೂ ಎಣಿಸತೊಡಗಿದರು. ಒಂದು ಇಟ್ಟಿಗೆ ಇಡಲು ಗಾರೆಯವರು ಹದಿನೆಂಟು ಚಲನೆ ಮಾಡುತ್ತಿದ್ದರು. ಅದರಲ್ಲಿ ಹೆಚ್ಚಿನದು ನೆಲಕ್ಕೆ ಬಗ್ಗಿ ಇಟ್ಟಿಗೆ ಎತ್ತುವುದಕ್ಕೆ ಸಂಬಂಧಪಟ್ಟಿದ್ದು. ಒಂದೂವರೆ ಎರಡು ಕಿಲೋ ತೂಕದ ಇಟ್ಟಿಗೆಯೊಂದನ್ನು ಎತ್ತಲು ಆ ಮನುಷ್ಯ ತನ್ನ ಮೈಯ ಮೇಲ್ಭಾಗದ ಭಾರವನ್ನೆಲ್ಲ ಪ್ರತಿ ಸಲವೂ ಇಳಿಸಿ ಏರಿಸಬೇಕು. ಗೋಡೆ ಏರಿದಂತೆ ತಾನೂ ಏರುವ, ಇಟ್ಟಿಗೆಯನ್ನು ಸೊಂಟದ ಮಟ್ಟದಲ್ಲೇ ಒದಗಿಸುವ ಅಟ್ಟಣೆಯೊಂದನ್ನು ಫ್ರಾಂಕ್ ರೂಪಿಸಿದರು. ಹದಿನೆಂಟು ಚಲನೆ ಐದಕ್ಕೆ ಇಳಿಯಿತು. ಗಂಟೆಗೆ 120 ಇಟ್ಟಿಗೆ ಇಡುತ್ತಿದ್ದ ಕಡೆ 350 ಇಡಲು ಸಾಧ್ಯವಾಯಿತು. ಗಾರೆಯವರಿಗೆ ಬೆನ್ನು ಬಗ್ಗಿಸುವ ಕೆಲಸವೂ ತಪ್ಪಿತು.

1904ರ ಅಕ್ಟೋಬರಿನಲ್ಲಿ ಇಬ್ಬರೂ ಮದುವೆಯಾದರು. ಮನೆತುಂಬ ಮಕ್ಕಳಿರಬೇಕು, ಕೆಲಸವನ್ನೂ ಇಬ್ಬರೂ ಸೇರಿಯೇ ಮಾಡಬೇಕು ಎಂಬುದು ಮೊದಲೇ ಆದ ಮಾತು. ಫ್ರಾಂಕ್‌ಗೆ ಯಂತ್ರ, ಕೈಕೆಲಸ ಗೊತ್ತು. ಕೆಲಸ ಮಾಡುವವರ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂದು ತಿಳಿಯಲು ಲಿಲಿಯನ್ ಸಾಹಿತ್ಯ ಬಿಟ್ಟು ಮನಶ್ಶಾಸ್ತ್ರಕ್ಕೆ ತಿರುಗಿದರು.

ಆ ದಾರಿ ಸುಗಮವಾಗಿರಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟ ಪಿಎಚ್‌ಡಿ ಪ್ರಬಂಧಕ್ಕೆ ಪದವಿ ಸಿಗಲಿಲ್ಲ. ಅಲ್ಲೇ ಇದ್ದು ಓದಬೇಕೆಂಬ ನಿಯಮವನ್ನು ಅವರು ಪೂರೈಸಿರಲಿಲ್ಲ. 1912ರಲ್ಲಿ ಐದು ವರ್ಷದ ಮಗಳು ಮೇರಿ ಡಿಫ್ತೀರಿಯಾದಿಂದ ತೀರಿಕೊಂಡಳು. ಪದವಿ ತಪ್ಪಿದ ಆ ಪ್ರಬಂಧ 1914ರಲ್ಲಿ ಪುಸ್ತಕವಾಗಿ ಬಂದಾಗ ಲೇಖಕರ ಹೆಸರು ಎಲ್. ಎಂ. ಗಿಲ್‌ಬ್ರೆತ್ ಎಂದಷ್ಟೇ ಅಚ್ಚಾಯಿತು. ಬರೆದವರು ಹೆಂಗಸು ಎಂದು ತಿಳಿದರೆ ಕಾರ್ಖಾನೆಯ ಆಡಳಿತದ ಪುಸ್ತಕವನ್ನು ಯಾರು ಕೊಳ್ಳುತ್ತಾರೆ ಎಂಬ ಅಳುಕು ಪ್ರಕಾಶಕರಿಗೆ. ಲಿಲಿಯನ್ ಮತ್ತೊಂದು ಪ್ರಬಂಧ ಬರೆದರು. 1915ರಲ್ಲಿ ಬ್ರೌನ್ ವಿಶ್ವವಿದ್ಯಾಲಯ ಅವರಿಗೆ ಪಿಎಚ್‌ಡಿ ಕೊಟ್ಟಿತು. ಆಗ ಮನೆಯಲ್ಲಿ ಚಿಕ್ಕಚಿಕ್ಕ ಮಕ್ಕಳ ಸಾಲೇ ಇತ್ತು.

ಚಿತ್ರದೊಳಗೆ ಗಡಿಯಾರ ಏಕೆ?

1912ರ ಹೊತ್ತಿಗೆ ದಂಪತಿಗಳು ಪ್ರಾವಿಡೆನ್ಸ್ ನಗರದ ಒಂದು ಯಂತ್ರ ಕಾರ್ಖಾನೆಯಲ್ಲಿ ಸಿನಿಮಾ ಕ್ಯಾಮೆರಾ ಬಳಸಲು ಶುರು ಮಾಡಿದರು. ಅದಕ್ಕೂ ಮೊದಲು ಕೆಲಸದ ಅಧ್ಯಯನ ಎಂದರೆ ಫ್ರೆಡರಿಕ್ ಟೇಲರ್ ಹೇಳಿಕೊಟ್ಟ ಸ್ಟಾಪ್‌ವಾಚ್ ವಿಧಾನ. ಒಬ್ಬರು ಕಾರ್ಮಿಕರ ಪಕ್ಕ ನಿಂತು ಎಷ್ಟು ಸೆಕೆಂಡ್ ಹಿಡಿಯಿತು ಎಂದು ಬರೆದುಕೊಳ್ಳುತ್ತಿದ್ದರು. ಎಷ್ಟು ಹೊತ್ತು ಎಂಬುದು ಅದರಿಂದ ಗೊತ್ತಾಗುತ್ತದೆ. ಯಾಕೆ ಅಷ್ಟು ಹೊತ್ತು ಎಂಬುದು ಗೊತ್ತಾಗುವುದಿಲ್ಲ.

ಸಿನಿಮಾದಲ್ಲೂ ಒಂದು ತೊಡಕಿತ್ತು. ಆ ಕಾಲದ ಕ್ಯಾಮೆರಾಗಳನ್ನು ಸಾಮಾನ್ಯವಾಗಿ ಕೈಯಿಂದ ತಿರುಗಿಸಬೇಕಿತ್ತು. ತಿರುಗಿಸುವ ಕೈ ಸ್ವಲ್ಪ ನಿಧಾನವಾದರೂ ಚಿತ್ರಗಳ ನಡುವಿನ ಅಂತರ ಬದಲಾಗುತ್ತದೆ. ಹಾಗಾಗಿ ಚಿತ್ರಗಳನ್ನು ಎಣಿಸಿ ಸಮಯ ಹೇಳಲು ಬರುವುದಿಲ್ಲ. ಗಿಲ್‌ಬ್ರೆತ್ ದಂಪತಿಗಳು ಇದಕ್ಕೆ ಸರಳ ಪರಿಹಾರ ಕಂಡುಕೊಂಡರು. ಬಹಳ ವೇಗವಾಗಿ ಮುಳ್ಳು ತಿರುಗುವ ದೊಡ್ಡ ಗಡಿಯಾರವೊಂದನ್ನು ಮಾಡಿಸಿ, ಅದನ್ನು ಕಾರ್ಮಿಕರ ಪಕ್ಕದಲ್ಲಿ ಚಿತ್ರದೊಳಗೇ ಇಟ್ಟರು. ಕ್ಯಾಮೆರಾ ಹೇಗೇ ತಿರುಗಲಿ, ಪ್ರತಿ ಚಿತ್ರದಲ್ಲೂ ಆ ಕ್ಷಣದ ಸಮಯ ದಾಖಲಾಗುತ್ತದೆ. ಮುಂದೆ ಈ ಬಗೆಯ ಅಧ್ಯಯನಗಳಲ್ಲಿ ನಿಮಿಷದ 2000ನೇ ಒಂದು ಭಾಗವೇ ಅಳತೆಯಾಯಿತು. ಅದರ ಹೆಸರು ‘ವಿಂಕ್’, ಅಂದರೆ ಕಣ್ಣು ಮಿಟುಕಿಸುವುದು. ಹಿನ್ನೆಲೆಯ ಗೋಡೆಗೆ ಚೌಕುಳಿ ಗೆರೆ ಎಳೆದರು. ಕೈ ಎಷ್ಟು ದೂರ ಹೋಯಿತು ಎಂದು ಅದರಿಂದ ಅಳೆಯಬಹುದಿತ್ತು.

ಇನ್ನೊಂದು ವಿಧಾನ ಇನ್ನೂ ಸೊಗಸಾದದ್ದು. ಕೆಲಸ ಮಾಡುವವರ ಬೆರಳಿಗೆ ಪುಟ್ಟ ಬಲ್ಬು ಕಟ್ಟಿ, ಕ್ಯಾಮೆರಾದ ಕಣ್ಣನ್ನು ಕೆಲಸ ಮುಗಿಯುವವರೆಗೆ ತೆರೆದಿಡುವುದು. ದೀಪಾವಳಿಯಲ್ಲಿ ಮಕ್ಕಳು ಸುರುಸುರುಬತ್ತಿ ತಿರುಗಿಸುವಾಗ ಫೋಟೊ ತೆಗೆದರೆ ಬೆಳಕಿನ ಗೆರೆ ಮೂಡುತ್ತದಲ್ಲವೇ? ಅದೇ ತತ್ತ್ವ. ಬಲ್ಬನ್ನು ಲಯಬದ್ಧವಾಗಿ ಮಿನುಗಿಸಿದರೆ ಆ ಗೆರೆ ತುಂಡುತುಂಡಾಗಿ ಕಾಣುತ್ತದೆ. ತುಂಡುಗಳು ಉದ್ದವಿದ್ದಲ್ಲಿ ಕೈ ವೇಗವಾಗಿ ಹೋಗಿದೆ, ಗಿಡ್ಡವಿದ್ದಲ್ಲಿ ನಿಧಾನವಾಗಿದೆ. ಕೆಲಸದಲ್ಲಿ ಪಳಗಿದವರ ಗೆರೆ ನಯವಾಗಿ ಬಾಗಿರುತ್ತಿತ್ತು. ಹೊಸಬರದ್ದು ಸಿಕ್ಕುಸಿಕ್ಕಾಗಿರುತ್ತಿತ್ತು. ಆ ಗೆರೆಗಳನ್ನು ನೋಡಿ ತಂತಿಯ ಮಾದರಿಗಳನ್ನು ಮಾಡಿ ಕಲಿಯುವವರಿಗೆ ತೋರಿಸುತ್ತಿದ್ದರು.

ಹೀಗೆ ನೋಡಿ ನೋಡಿ, ಕೈಕೆಲಸಗಳನ್ನೆಲ್ಲ ಹದಿನೇಳು ಹದಿನೆಂಟು ಮೂಲ ತುಣುಕುಗಳಾಗಿ ಬಿಡಿಸಬಹುದು ಎಂದು ದಂಪತಿಗಳು ತೀರ್ಮಾನಿಸಿದರು. ಆ ತುಣುಕಿಗೆ ತಮ್ಮ ಹೆಸರನ್ನೇ ಹೆಚ್ಚುಕಡಿಮೆ ತಿರುಗುಮುರುಗಾಗಿಸಿ ‘ಥರ್ಬ್ಲಿಗ್’ ಎಂದು ಕರೆದರು. ಕಾಫಿ ಮಾಡುವುದನ್ನೇ ತೆಗೆದುಕೊಳ್ಳಿ. ಪುಡಿಯ ಡಬ್ಬ ಹುಡುಕುತ್ತೀರಿ, ಸಾಲಿನಲ್ಲಿ ಅದನ್ನು ಆರಿಸುತ್ತೀರಿ, ಹಿಡಿಯುತ್ತೀರಿ, ಕಟ್ಟೆಗೆ ತರುತ್ತೀರಿ, ಚಮಚ ಬಳಸುತ್ತೀರಿ, ಡಬ್ಬ ಬಿಡುತ್ತೀರಿ, ನೀರು ಕುದಿಯಲು ಕಾಯುತ್ತೀರಿ. ಇದರಲ್ಲಿ ಹುಡುಕುವುದು, ಆರಿಸುವುದು, ಕಾಯುವುದು ಇವೆಲ್ಲ ಸಮಯ ತಿನ್ನುವ ತುಣುಕುಗಳು. ಡಬ್ಬಕ್ಕೆ ಒಂದು ಖಾಯಂ ಜಾಗವಿದ್ದರೆ ಹುಡುಕುವ ತುಣುಕೇ ಇರುವುದಿಲ್ಲ. ದಣಿವಾರಿಸಿಕೊಳ್ಳುವುದನ್ನೂ ಆ ಪಟ್ಟಿಯಲ್ಲಿ ಸೇರಿಸಿದ್ದರು. ವಿಶ್ರಾಂತಿಯೂ ಕೆಲಸದ ಒಂದು ಭಾಗ ಎಂಬ ಒಪ್ಪಿಗೆ ಅದರಲ್ಲಿದೆ.

ಟೈಪಿಸ್ಟರು, ಕೈವಸ್ತ್ರ ಮಡಚುವವರು, ಶಸ್ತ್ರಚಿಕಿತ್ಸಕರು, ಎಲ್ಲರೂ ಆ ಕ್ಯಾಮೆರಾದ ಮುಂದೆ ಬಂದರು. ಶಸ್ತ್ರಚಿಕಿತ್ಸೆಯ ನಡುವೆ ವೈದ್ಯರ ಬಹಳಷ್ಟು ಸಮಯ ಉಪಕರಣ ಹುಡುಕುವುದರಲ್ಲೇ ಕಳೆಯುತ್ತಿತ್ತು. ಬೇಕಾದ ಉಪಕರಣವನ್ನು ಪಕ್ಕದಲ್ಲಿ ನಿಂತವರು ಕೈಗೆ ಕೊಡಬೇಕು ಎಂದು ಫ್ರಾಂಕ್ ವಾದಿಸಿದರು. ಇಂದಿನ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಮಾಡುವ ಕೆಲಸ ಅದೇ.

ಕ್ಯಾಮೆರಾ ಸುಳ್ಳು ಹೇಳುವುದಿಲ್ಲವೇ?

ಹೀಗೆಂದು ನಂಬುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಸ್ಟಾಪ್‌ವಾಚ್ ಹಿಡಿದವರು ಪಕ್ಷಪಾತ ಮಾಡಬಹುದು, ಫಿಲ್ಮು ಮಾಡುವುದಿಲ್ಲ ಎಂಬುದು ದಂಪತಿಗಳ ವಾದವೂ ಆಗಿತ್ತು. ಇದು ಅರ್ಧ ಮಾತ್ರ ನಿಜ.

ಮೊದಲನೆಯದಾಗಿ, ಕ್ಯಾಮೆರಾ ಕಾಣುವುದು ಯಾರೋ ಅದನ್ನು ತಿರುಗಿಸಿಟ್ಟ ಕಡೆಯನ್ನು ಮಾತ್ರ. ಪ್ರಾವಿಡೆನ್ಸ್ ಕಾರ್ಖಾನೆಯಲ್ಲಿ ಚಿತ್ರೀಕರಣಕ್ಕೆಂದೇ ಬೇರೆ ಕೋಣೆಯಿತ್ತು. ಕಾರ್ಮಿಕರನ್ನು ಅಲ್ಲಿಗೆ ಕರೆದು ಕೆಲಸ ಮಾಡಿಸುತ್ತಿದ್ದರು. ಸುತ್ತಲಿನ ಗದ್ದಲ, ಜೊತೆಗಾರರು, ತಡವಾಗಿ ಬರುವ ಸಾಮಾನು, ಇವು ಯಾವುವೂ ಆ ಚಿತ್ರದಲ್ಲಿ ಬರುವುದಿಲ್ಲ.

ಎರಡನೆಯದಾಗಿ, ಯಾರೋ ನೋಡುತ್ತಿದ್ದಾರೆ ಎಂದು ತಿಳಿದಾಗ ನಾವು ನಡೆದುಕೊಳ್ಳುವ ರೀತಿಯೇ ಬದಲಾಗಬಹುದು. ಕಾರ್ಮಿಕರಿಗೆ ಭಯಪಡಲು ಸರಿಯಾದ ಕಾರಣವೂ ಇತ್ತು. ಉಳಿಸಿದ ಸಮಯ ಯಾರ ಪಾಲಾಗುತ್ತದೆ? ಬೇಗ ಮಾಡಬಹುದು ಎಂದು ಗೊತ್ತಾದರೆ ಕೂಲಿ ಕಡಿಮೆ ಮಾಡುತ್ತಾರೆಯೇ, ಆಳು ತೆಗೆಯುತ್ತಾರೆಯೇ? 1911ರಲ್ಲಿ ವಾಟರ್‌ಟೌನ್‌ನ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ಸ್ಟಾಪ್‌ವಾಚ್ ಬಂದಾಗ ಕಾರ್ಮಿಕರು ಮುಷ್ಕರ ಹೂಡಿದ್ದರು. ಕ್ಯಾಮೆರಾ ಬಂದ ಮಾತ್ರಕ್ಕೆ ಆ ಪ್ರಶ್ನೆ ಹೋಗಲಿಲ್ಲ. ಗಿಲ್‌ಬ್ರೆತ್ ಫಿಲ್ಮುಗಳು ಅಧ್ಯಯನವೂ ಹೌದು, ತಮ್ಮ ಸಲಹಾ ಸಂಸ್ಥೆಯ ಪ್ರಚಾರವೂ ಹೌದು ಎಂದು ಮುಂದೆ ಇತಿಹಾಸಕಾರರು ತೋರಿಸಿದ್ದಾರೆ.

ಕ್ಯಾಮೆರಾ ಬರೀ ಯಂತ್ರ ಎಂಬುದಕ್ಕೆ ಅವರ ಮಕ್ಕಳು ಬರೆದ ಪುಸ್ತಕದಲ್ಲೊಂದು ತಮಾಷೆಯ ಪ್ರಸಂಗವಿದೆ. ಮಕ್ಕಳ ಟಾನ್ಸಿಲ್ ಆಪರೇಷನ್ ಆಗಬೇಕಿತ್ತು. ಸಮಯ ಹೇಗೆ ಉಳಿಸಬಹುದೆಂದು ನೋಡಲು ಫ್ರಾಂಕ್ ಅದನ್ನು ಮನೆಯಲ್ಲೇ ಮಾಡಿಸಿ ಚಿತ್ರೀಕರಿಸಿದರು. ತಾವೂ ಟಾನ್ಸಿಲ್ ತೆಗೆಸಿಕೊಂಡರು. ಎಲ್ಲರೂ ನೋವುಂಡು ಮುಗಿಸಿದ ಮೇಲೆ ಗೊತ್ತಾಯಿತು, ಚಿತ್ರ ತೆಗೆದವರು ಲೆನ್ಸಿನ ಮುಚ್ಚಳವನ್ನೇ ತೆಗೆದಿರಲಿಲ್ಲ!

ಲಿಲಿಯನ್ ಅವರ ಪಾತ್ರ ದೊಡ್ಡದಾಗುವುದು ಇಲ್ಲಿ. ಫಿಲ್ಮಿನಲ್ಲಿ ಕೈಯ ಚಲನೆ ಕಾಣುತ್ತದೆ, ಬೇಸರ ಕಾಣುವುದಿಲ್ಲ. ದಣಿವು ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಕೆಲಸ ಮಾಡುವವರಿಗೆ ಅದರಲ್ಲಿ ಸಂತೋಷವಿದೆಯೇ, ತಮ್ಮ ಮಾತಿಗೆ ಬೆಲೆಯಿದೆ ಎಂದು ಅನಿಸುತ್ತದೆಯೇ ಎಂಬುದನ್ನು ಕೇಳಿಯೇ ತಿಳಿಯಬೇಕು ಎಂದು ಅವರು ತಮ್ಮ ಪುಸ್ತಕದಲ್ಲಿ ವಾದಿಸಿದ್ದರು. ತೆಗೆದ ಫಿಲ್ಮನ್ನು ಕಾರ್ಮಿಕರಿಗೇ ತೋರಿಸಿ ಚರ್ಚಿಸುವ ರೂಢಿಯೂ ಅವರ ಅಧ್ಯಯನಗಳಲ್ಲಿತ್ತು. 1916ರಲ್ಲಿ ದಂಪತಿಗಳು ದಣಿವಿನ ಮೇಲೆಯೇ ಒಂದು ಪುಸ್ತಕ ಬರೆದರು. ನಿಂತು ಮಾಡುವ ಎಷ್ಟೋ ಕೆಲಸಗಳನ್ನು ಕೂತು ಮಾಡಬಹುದು, ಅದಕ್ಕೆ ಸರಿಯಾದ ಕುರ್ಚಿ ಬೇಕು ಎಂದು ಹೇಳಿದರು. ಮೊದಲ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರು ಕೆಲಸಕ್ಕೆ ಮರಳುವುದು ಹೇಗೆ ಎಂಬ ಅಧ್ಯಯನವೂ ನಡೆಯಿತು. ಮನುಷ್ಯನನ್ನು ಯಂತ್ರಕ್ಕೆ ಹೊಂದಿಸುವ ಬದಲು ಯಂತ್ರವನ್ನೇ ಮನುಷ್ಯನಿಗೆ ಹೊಂದಿಸಬಹುದು ಎಂಬ ಯೋಚನೆ ಅಲ್ಲಿ ಗಟ್ಟಿಯಾಯಿತು.

1924ರ ಜೂನ್ 14

ಅಂದು ಫ್ರಾಂಕ್ ನ್ಯೂಜೆರ್ಸಿಯ ಮಾಂಟ್‌ಕ್ಲೇರ್ ರೈಲು ನಿಲ್ದಾಣದಿಂದ ಮನೆಗೆ ಫೋನ್ ಮಾಡಿದ್ದರು. ಮಾತನಾಡುತ್ತಿರುವಾಗಲೇ ಹೃದಯಾಘಾತವಾಗಿ ತೀರಿಕೊಂಡರು. ಅವರಿಗೆ 55 ವರ್ಷ. ಲಿಲಿಯನ್ ಅವರಿಗೆ 46. ಹನ್ನೊಂದು ಮಕ್ಕಳು. ದೊಡ್ಡವಳಿಗೆ ಹದಿನೆಂಟು, ಕಿರಿಯವಳಿಗೆ ಸುಮಾರು ಎರಡು.

ಲಂಡನ್ ಮತ್ತು ಪ್ರಾಗ್‌ನಲ್ಲಿ ನಡೆಯಲಿದ್ದ ಸಮ್ಮೇಳನಗಳಿಗೆ ಫ್ರಾಂಕ್ ಹೋಗಬೇಕಿತ್ತು. ಐದೇ ದಿನಗಳಲ್ಲಿ ಲಿಲಿಯನ್ ಹಡಗು ಹತ್ತಿದರು, ಗಂಡನ ಜಾಗದಲ್ಲಿ ತಾವೇ ಮಾತನಾಡಿ ಬಂದರು. ಮನೆ ನಡೆಯಬೇಕಿದ್ದರೆ ಸಂಸ್ಥೆ ನಡೆಯಬೇಕು. ಆದರೆ ಹಿಂದಿರುಗಿ ಬಂದಾಗ ಹಳೆಯ ಕಂಪನಿಗಳು ಒಂದೊಂದಾಗಿ ಕೈಬಿಟ್ಟವು. ಇಪ್ಪತ್ತು ವರ್ಷ ಸರಿಸಮಾನವಾಗಿ ದುಡಿದು, ಪಿಎಚ್‌ಡಿಯನ್ನೂ ಪಡೆದವರನ್ನು ಅವರು ಕಂಡದ್ದು ಎಂಜಿನಿಯರ್ ಒಬ್ಬರ ವಿಧವೆ ಎಂದಷ್ಟೇ. ಕಾರ್ಖಾನೆಯ ಬಾಗಿಲು ಹೆಂಗಸಿಗೆ ತೆರೆಯುವುದಿಲ್ಲ ಎಂದು ಸ್ಪಷ್ಟವಾಯಿತು.

ಹಾಗಿದ್ದರೆ ಯಾವ ಬಾಗಿಲು ತೆರೆಯುತ್ತದೆ? ಹೆಂಗಸರಿಗೇ ಸೇರಿದ್ದು ಎಂದು ಗಂಡಸರು ಬಿಟ್ಟುಕೊಟ್ಟ ಜಾಗಗಳದ್ದು. ಅಂಗಡಿ, ಮನೆ, ಅಡುಗೆಮನೆ. ಲಿಲಿಯನ್ ಮನೆಯಲ್ಲೇ ಚಲನೆಯ ಅಧ್ಯಯನದ ತರಗತಿ ಶುರು ಮಾಡಿದರು. ನ್ಯೂಯಾರ್ಕಿನ ಮೇಸಿಸ್ ಮಳಿಗೆಗಾಗಿ ಕೆಲಸ ಮಾಡಿದಾಗ ಸ್ವತಃ ಕೌಂಟರಿನ ಹಿಂದೆ ನಿಂತು ಮಾರಾಟ ಮಾಡಿ ಅನುಭವ ಪಡೆದರು. 1926ರಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಸ್ಯಾನಿಟರಿ ನ್ಯಾಪ್‌ಕಿನ್ ಬಗ್ಗೆ ಅಧ್ಯಯನ ಮಾಡಿಕೊಡಿ ಎಂದು ಕೇಳಿತು. ಇದು ಕ್ಯಾಮೆರಾ ಹೋಗಲಾರದ, ಹೋಗಬಾರದ ಜಾಗ. ಅವರು ಸಾವಿರಕ್ಕೂ ಹೆಚ್ಚು ಹೆಂಗಸರಿಂದ ಪ್ರಶ್ನಾವಳಿಗೆ ಉತ್ತರ ಪಡೆದರು. ಆಗ ಮಾರುಕಟ್ಟೆಯಲ್ಲಿದ್ದ ನ್ಯಾಪ್‌ಕಿನ್‌ಗಳು ದೊಡ್ಡವು, ಒರಟು, ಬಟ್ಟೆಯ ಮೇಲಿನಿಂದ ಎದ್ದು ಕಾಣುತ್ತವೆ ಎಂಬ ದೂರುಗಳು ಬಂದವು. ಹೆಂಗಸರು ಅಲ್ಲಿಯವರೆಗೆ ಸುಮ್ಮನಿದ್ದದ್ದು ತೊಂದರೆಯಿಲ್ಲ ಎಂದಲ್ಲ, ಯಾರೂ ಕೇಳಿರಲಿಲ್ಲ ಎಂದು.

281 ಹೆಜ್ಜೆ, 45 ಹೆಜ್ಜೆ

ಅಡುಗೆಮನೆಯ ಕೆಲಸಕ್ಕೆ ದೊಡ್ಡ ಅವಕಾಶ ಸಿಕ್ಕಿದ್ದು 1920ರ ದಶಕದ ಕೊನೆಯಲ್ಲಿ. ಬ್ರೂಕ್ಲಿನ್ ಬರೋ ಗ್ಯಾಸ್ ಕಂಪನಿಗೆ ಹೆಚ್ಚು ಗ್ಯಾಸ್ ಒಲೆ ಮಾರಬೇಕಿತ್ತು. ಅದರ ಮುಖ್ಯಸ್ಥೆ ಮೇರಿ ಡಿಲನ್, ಲಿಲಿಯನ್ ಅವರನ್ನು ಕೇಳಿಕೊಂಡರು. 1929ರಲ್ಲಿ ಮಹಿಳೆಯರ ವಸ್ತುಪ್ರದರ್ಶನವೊಂದರಲ್ಲಿ ಆ ಮಾದರಿ ಅಡುಗೆಮನೆ ಜನರ ಮುಂದೆ ಬಂತು.

ಇಟ್ಟಿಗೆ ಕಟ್ಟುವಾಗ ಫ್ರಾಂಕ್ ಕಂಡದ್ದನ್ನೇ ಲಿಲಿಯನ್ ಅಡುಗೆಯಲ್ಲಿ ನೋಡಿದರು. ಆ ಕಾಲದ ಅಡುಗೆಮನೆಯಲ್ಲಿ ಒಲೆ ಒಂದು ಗೋಡೆಗೆ, ಸಿಂಕು ಇನ್ನೊಂದು ಗೋಡೆಗೆ, ಮೇಜು ನಡುವೆ, ಸಾಮಾನಿನ ಕೋಣೆ ಹೊರಗೆ ಇರುತ್ತಿತ್ತು. ಅಡುಗೆ ಮಾಡುವವರು ದಿನವಿಡೀ ಇವುಗಳ ನಡುವೆ ಓಡಾಡುತ್ತಿದ್ದರು. ಲಿಲಿಯನ್ ಒಲೆಯನ್ನೂ ಕೆಲಸದ ಕಟ್ಟೆಯನ್ನೂ ಅಕ್ಕಪಕ್ಕ ತಂದರು. ಆಹಾರ ಸಾಮಗ್ರಿ ಮೇಲೆ, ಪಾತ್ರೆ ಕೆಳಗೆ, ತಣ್ಣನೆಯ ಪೆಟ್ಟಿಗೆ ಒಂದು ಹೆಜ್ಜೆ ದೂರದಲ್ಲಿ. ಬೇಕಾದಲ್ಲಿಗೆ ಎಳೆದುಕೊಳ್ಳಲು ಗಾಲಿಯ ಮೇಜು.

ಇದರಿಂದ ನಿಜವಾಗಿ ಪ್ರಯೋಜನ ಆಯಿತೇ ಎಂದು ತಿಳಿಯಲು ಒಂದೇ ತಿಂಡಿಯನ್ನು ಎರಡೂ ಬಗೆಯ ಅಡುಗೆಮನೆಗಳಲ್ಲಿ ಮಾಡಿಸಿ ನೋಡಿದರು. ಸ್ಟ್ರಾಬೆರಿ ಶಾರ್ಟ್‌ಕೇಕ್ ಮಾಡಲು ಹಳೆಯ ಬಗೆಯ ಅಡುಗೆಮನೆಯಲ್ಲಿ 97 ಕ್ರಿಯೆಗಳು ಬೇಕಾಗಿದ್ದವು, ಹೊಸತರಲ್ಲಿ 64 ಸಾಕಾದವು. ಹೆಜ್ಜೆಗಳು 281ರಿಂದ 45ಕ್ಕೆ ಇಳಿದವು. ಮಾಡಿದ ತಿಂಡಿ ಒಂದೇ, ಬದಲಾದದ್ದು ಕೋಣೆ ಮಾತ್ರ. ಅಂದರೆ ಉಳಿದ 236 ಹೆಜ್ಜೆ ನಡೆಸುತ್ತಿದ್ದದ್ದು ಕೋಣೆಯ ವಿನ್ಯಾಸ.

ಮನೆಮನೆಯಲ್ಲಿ ಇದನ್ನು ಅಳೆಯಲು ಸಿನಿಮಾ ಕ್ಯಾಮೆರಾ ಬೇಕಿರಲಿಲ್ಲ. ಅಡುಗೆಮನೆಯ ನಕ್ಷೆ ಬರೆದು, ನಿಂತ ಕಡೆಯೆಲ್ಲ ಗುಂಡುಸೂಜಿ ಚುಚ್ಚಿ, ಓಡಾಡಿದ ದಾರಿಗೆ ದಾರ ಸುತ್ತಿದರೆ ಸಾಕು. ದಾರದ ಉದ್ದವೇ ದಣಿವಿನ ಅಳತೆ.

ಇಲ್ಲಿ ಇನ್ನೊಂದು ಮುಖ್ಯವಾದ ಸಂಗತಿ ಹೊರಬಂತು. ಫ್ರಾಂಕ್ ಜೀವನವಿಡೀ ಹುಡುಕಿದ್ದು ಪ್ರತಿ ಕೆಲಸಕ್ಕೂ ಅತ್ಯುತ್ತಮವಾದ ಒಂದೇ ದಾರಿಯನ್ನು. ಅಡುಗೆಮನೆಯಲ್ಲಿ ಅದು ಸಾಗುವುದಿಲ್ಲ. ಕುಳ್ಳಗಿರುವವರಿಗೆ ಸರಿಯಾದ ಕಟ್ಟೆ ಎತ್ತರದವರ ಬೆನ್ನು ಬಗ್ಗಿಸುತ್ತದೆ. ಕಟ್ಟೆಯ ಎತ್ತರವನ್ನು ಅಲ್ಲಿ ಕೆಲಸ ಮಾಡುವವರ ಮೈಗೆ ತಕ್ಕಂತೆ ನಿಗದಿ ಮಾಡಬೇಕು ಎಂದು ಲಿಲಿಯನ್ ಹೇಳಿದರು. ದಾರಿ ಒಂದಲ್ಲ, ನಡೆಯುವವರಷ್ಟು.

ಒಂದು ವಿಪರ್ಯಾಸವನ್ನೂ ಹೇಳಬೇಕು. ಲಿಲಿಯನ್ ಅವರಿಗೆ ಅಡುಗೆ ಅಷ್ಟಾಗಿ ಬರುತ್ತಿರಲಿಲ್ಲ. ಅವರ ಮನೆಯ ಅಡುಗೆಮನೆ ಹಳೆಯ ಕಾಲದ್ದೇ ಆಗಿತ್ತು, ಅದನ್ನು ನೋಡಿಕೊಳ್ಳುತ್ತಿದ್ದವರು ಬೇರೆಯವರು. ಬಹುಶಃ ಅದಕ್ಕೇ ತಮಗೆ ಗೊತ್ತಿದೆ ಎಂದುಕೊಳ್ಳದೆ, ಗೊತ್ತಿದ್ದವರನ್ನು ನೋಡಿ, ಕೇಳಿ ಕಲಿತರು.

ಯಾವುದು ನಿಜ, ಯಾವುದು ಉತ್ಪ್ರೇಕ್ಷೆ?

ಅಂತರಜಾಲದಲ್ಲಿ ಹುಡುಕಿದರೆ ಕಾಲಿನಿಂದ ಒತ್ತಿ ತೆರೆಯುವ ಕಸದ ಡಬ್ಬಿ, ಫ್ರಿಜ್ ಬಾಗಿಲಿನ ಒಳಗಿನ ತಟ್ಟೆಗಳು, ಒಲೆ-ಸಿಂಕು-ಫ್ರಿಜ್‌ಗಳ ತ್ರಿಕೋನ, ಎಲ್ಲವನ್ನೂ ಲಿಲಿಯನ್ ಒಬ್ಬರೇ ಕಂಡುಹಿಡಿದರು ಎಂದು ಬರೆದಿರುತ್ತಾರೆ. ಇದನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಅಡುಗೆಮನೆಯನ್ನು ಹೀಗೆ ಅಧ್ಯಯನ ಮಾಡಿದವರಲ್ಲಿ ಅವರು ಮೊದಲಿಗರೂ ಅಲ್ಲ, ಒಬ್ಬರೇ ಅಲ್ಲ. ಅಮೆರಿಕದ ಕ್ರಿಸ್ಟೀನ್ ಫ್ರೆಡರಿಕ್ ಅವರಿಗಿಂತ ಮೊದಲೇ ಬರೆದಿದ್ದರು. ಆಸ್ಟ್ರಿಯಾದ ಮಾರ್ಗರೇಟೆ ಶ್ಯೂಟೆ-ಲಿಹೋಟ್ಸ್ಕಿ 1926ರಲ್ಲೇ ಪ್ರಸಿದ್ಧ ಫ್ರಾಂಕ್‌ಫರ್ಟ್ ಅಡುಗೆಮನೆಯನ್ನು ರೂಪಿಸಿದ್ದರು. ತ್ರಿಕೋನದ ನಿಯಮ ಈಗಿನ ರೂಪ ಪಡೆದದ್ದು 1940ರ ದಶಕದಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ. ಲಿಲಿಯನ್ ಅವರ ನಿಜವಾದ ಕೊಡುಗೆ ಯಾವುದೋ ಒಂದು ಡಬ್ಬಿಯಲ್ಲ. ವಸ್ತುವನ್ನು ಮಾಡುವ ಮೊದಲು ಬಳಸುವವರನ್ನು ನೋಡಿ, ಕೇಳಿ, ಅಳೆದು ತಿಳಿಯಬೇಕು ಎಂಬ ಕ್ರಮ.

ಇನ್ನೊಂದು ನಂಬಿಕೆ, ಇಂಥ ಸುಧಾರಣೆಗಳಿಂದ ಗೃಹಿಣಿಯರ ಕೆಲಸವೇ ಕಡಿಮೆಯಾಯಿತು ಎಂಬುದು. ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರ ತಮ್ಮ ಪುಸ್ತಕದಲ್ಲಿ ತೋರಿಸಿದಂತೆ, ಒಂದೊಂದು ಕೆಲಸ ಹಗುರವಾದರೂ ಒಟ್ಟು ಗಂಟೆಗಳು ಅಷ್ಟಾಗಿ ಇಳಿಯಲಿಲ್ಲ. ಬಟ್ಟೆ ಒಗೆಯುವ ಯಂತ್ರ ಬಂದ ಮೇಲೆ ಬಟ್ಟೆ ಹೆಚ್ಚು ಸಲ ಒಗೆಯತೊಡಗಿದರು. ಹೆಜ್ಜೆ ಉಳಿಸುವುದು ಬೇರೆ, ಆ ಹೆಜ್ಜೆಗಳನ್ನು ಮನೆಯವರೆಲ್ಲ ಹಂಚಿಕೊಳ್ಳುವುದು ಬೇರೆ. ಎರಡನೆಯದನ್ನು ಯಾವ ಕಟ್ಟೆಯೂ ಮಾಡಿಕೊಡುವುದಿಲ್ಲ.

ಹೃದಯರೋಗಿಗಳ ಅಡುಗೆಮನೆ

1935ರಲ್ಲಿ ಲಿಲಿಯನ್ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದರು. ಅಲ್ಲಿನ ಎಂಜಿನಿಯರಿಂಗ್ ವಿಭಾಗಕ್ಕೆ ಬಂದ ಮೊದಲ ಮಹಿಳಾ ಪ್ರಾಧ್ಯಾಪಕಿ ಅವರೇ. ಎರಡನೆಯ ಮಹಾಯುದ್ಧದ ನಂತರ ಅವರ ಗಮನ ಮತ್ತೆ ಅಂಗವಿಕಲರ ಕಡೆಗೂ ಹೃದಯರೋಗಿಗಳ ಕಡೆಗೂ ತಿರುಗಿತು. ಹೃದಯ ದುರ್ಬಲವಾದ ಹೆಂಗಸರು ದಣಿಯದೆ, ಕೂತೇ ಅಡುಗೆ ಮಾಡಿಕೊಳ್ಳಬಹುದಾದ ಮಾದರಿ ಅಡುಗೆಮನೆಯ ಯೋಜನೆಯಲ್ಲಿ ಅವರು ದುಡಿದರು. ಇಟ್ಟಿಗೆ ಬೇಗ ಇಡುವುದಕ್ಕೆ ಹುಟ್ಟಿದ ಲೆಕ್ಕ, ಒಬ್ಬರು ಬೇರೆಯವರ ಹಂಗಿಲ್ಲದೆ ಬದುಕುವುದಕ್ಕೆ ಬಂತು. ಸಮಯ ಉಳಿಸುವುದಕ್ಕಿಂತ ಉಸಿರು ಉಳಿಸುವುದು ಇಲ್ಲಿ ಮುಖ್ಯವಾಗಿತ್ತು.

ಮಕ್ಕಳಲ್ಲಿ ಇಬ್ಬರು 1948ರಲ್ಲಿ ಬರೆದ ‘ಚೀಪರ್ ಬೈ ದಿ ಡಜನ್’ ಎಂಬ ಹಾಸ್ಯಭರಿತ ಪುಸ್ತಕ, ಆಮೇಲೆ ಬಂದ ಸಿನಿಮಾ, ಇವುಗಳಿಂದ ಕುಟುಂಬ ಮನೆಮಾತಾಯಿತು. ಆದರೆ ಜನರ ನೆನಪಿನಲ್ಲಿ ಉಳಿದದ್ದು ಹನ್ನೆರಡು ಮಕ್ಕಳ ತಾಯಿಯೇ ಹೊರತು ಎಂಜಿನಿಯರ್ ಅಲ್ಲ. 1965ರಲ್ಲಿ ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿಗೆ ಆಯ್ಕೆಯಾದ ಮೊದಲ ಮಹಿಳೆ ಎಂಬ ಗೌರವ ಅವರಿಗೆ ಬಂದಾಗ ವಯಸ್ಸು 87. 1972ರ ಜನವರಿ 2ರಂದು ಅರಿಜೋನಾದ ಫೀನಿಕ್ಸ್‌ನಲ್ಲಿ, 93ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಫಿಲ್ಮಿನಿಂದ ವಿಡಿಯೊಗೆ

ಅವರು ತೀರಿಕೊಳ್ಳುವ ಹೊತ್ತಿಗೆ ಈ ಕ್ರಮ ಹೊಸ ಜಾಗಗಳಿಗೆ ಹೋಗುತ್ತಿತ್ತು. ನ್ಯೂಯಾರ್ಕಿನಲ್ಲಿ ವಿಲಿಯಂ ವೈಟ್ ಕಟ್ಟಡಗಳ ಮೇಲೆ ಕ್ಯಾಮೆರಾ ಇಟ್ಟು, ಬಯಲುಗಳಲ್ಲಿ ಜನ ಎಲ್ಲಿ ಕೂರುತ್ತಾರೆ, ಎಲ್ಲಿ ನಿಂತು ಮಾತಾಡುತ್ತಾರೆ ಎಂದು ನೋಡಿದರು. ಮಾತಿಗೆ ನಿಲ್ಲುವವರು ಪಕ್ಕಕ್ಕೆ ಸರಿಯುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ಓಡಾಡುವವರ ನಟ್ಟನಡುವೆಯೇ ನಿಲ್ಲುತ್ತಾರೆ ಎಂದು ಅವರ ಫಿಲ್ಮುಗಳು ತೋರಿಸಿದವು.

1980ರ ದಶಕದ ಆರಂಭದಲ್ಲಿ ಲೂಸಿ ಸಚ್‌ಮನ್ ಎಂಬ ಮಾನವಶಾಸ್ತ್ರಜ್ಞೆ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಜನ ಜೆರಾಕ್ಸ್ ಯಂತ್ರ ಬಳಸುವುದನ್ನು ವಿಡಿಯೊ ಮಾಡಿದರು. ನುರಿತ ಕಂಪ್ಯೂಟರ್ ವಿಜ್ಞಾನಿಗಳೇ ಯಂತ್ರದ ಮುಂದೆ ತಬ್ಬಿಬ್ಬಾಗಿ ನಿಂತದ್ದು ಅದರಲ್ಲಿ ದಾಖಲಾಯಿತು. ಬಳಸಲು ಬಾರದವರು ದಡ್ಡರು ಎನ್ನಲು ಇನ್ನು ಸಾಧ್ಯವಿರಲಿಲ್ಲ. ಅಷ್ಟೇ ಮುಖ್ಯವಾದದ್ದು, ಇಬ್ಬಿಬ್ಬರನ್ನು ಒಟ್ಟಿಗೆ ನಿಲ್ಲಿಸಿದ್ದರಿಂದ ಅವರು ತಮ್ಮೊಳಗೆ ಆಡಿಕೊಂಡ ಮಾತೂ ದಾಖಲಾಗಿತ್ತು. ಕೈ ಏನು ಮಾಡಿತು ಎಂಬುದರ ಜೊತೆಗೆ ಮನಸ್ಸು ಏನಂದುಕೊಂಡಿತು ಎಂಬುದೂ ಸಿಕ್ಕಿತು. ಆ ಸಂಶೋಧನಾ ಕೇಂದ್ರ ಇದ್ದದ್ದು ಮೈಬ್ರಿಜ್ ಕುದುರೆಯ ಚಿತ್ರ ತೆಗೆದ ಅದೇ ಪಾಲೊ ಆಲ್ಟೊದಲ್ಲಿ.

ನೀವೇ ಮಾಡಿ ನೋಡಿ

ಇದಕ್ಕೆ ಈಗ ದೊಡ್ಡ ಯಂತ್ರ ಬೇಡ. ಅಡುಗೆ ಮಾಡುವವರ ಒಪ್ಪಿಗೆ ಪಡೆದು, ಕೋಣೆ ಪೂರ್ತಿ ಕಾಣುವಂತೆ ಮೊಬೈಲನ್ನು ಒಂದು ಕಡೆ ನಿಲ್ಲಿಸಿ. ಒಂದು ಬೆಳಗಿನ ತಿಂಡಿ ಮಾಡುವುದನ್ನು ಚಿತ್ರೀಕರಿಸಿ. ಮೊದಲ ದಿನದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಕ್ಯಾಮೆರಾ ಇದೆಯೆಂಬ ಸಂಕೋಚ ಕಳೆಯಲಿ. ಆಮೇಲೆ ಎಷ್ಟು ಹೆಜ್ಜೆ, ಎಷ್ಟು ಸಲ ಬಗ್ಗಿದರು, ಎಷ್ಟು ಸಲ ಮೇಲಕ್ಕೆ ಎಟುಕಿಸಿಕೊಂಡರು, ಏನನ್ನು ಹುಡುಕಿದರು ಎಂದು ಎಣಿಸಿ. ಕೊನೆಗೆ ವಿಡಿಯೊವನ್ನು ಅವರ ಜೊತೆಗೇ ಕೂತು ನೋಡಿ, ಎಲ್ಲಿ ಕಷ್ಟವಾಯಿತು ಎಂದು ಅವರನ್ನೇ ಕೇಳಿ. ಈ ಕೊನೆಯ ಕೆಲಸವನ್ನು ಮರೆತರೆ ನಿಮ್ಮ ಬಳಿ ಇರುವುದು ಬರೀ ಕೈಗಳ ಚಿತ್ರ.

ಹಾಗೆ ನೋಡಿದ ಮೇಲೆ ಮುಂದಿನ ಸಲ ಹಾಲು ಉಕ್ಕಿದಾಗ ಯಾರನ್ನಾದರೂ ಗದರುವ ಮೊದಲು ಒಮ್ಮೆ ಕಟ್ಟೆಯ ಕಡೆಗೂ ನೋಡುತ್ತೀರಿ.